ನಗರದ ಬಾವಿಯಿಂದ ಬುಲೋನ್ ಬಂದರಿಗೆ

2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಹಾಳುಬಾವಿಯೊಂದರ ಹೂಳು ತೆಗೆದಾಗ ಸಾವಿರದಷ್ಟು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಕೆಸರೇ ಮದ್ದಿನ ವಾಸನೆ ಹೊಡೆಯುತ್ತಿತ್ತು. ಅವು ಸೇರಿದ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯಕ್ಕೆ ಇದಕ್ಕಿಂತ ದೊಡ್ಡ ಆಸ್ತಿ ಬೇರೆ ಬೇಕೆ?

ಒಂದೊಂದೂ ಗೇಣುದ್ದದ ಕೊಳವೆ. ಮದ್ದು ತುಂಬಿ, ಉದ್ದನೆಯ ಬಿದಿರಿಗೆ ಬಿಗಿದು ಹಾರಿಸುತ್ತಿದ್ದರು. ಕಬ್ಬಿಣ ಹೆಚ್ಚಿನ ಒತ್ತಡ ತಡೆಯುತ್ತಿದ್ದುದರಿಂದ ಈ ರಾಕೆಟ್ ಕಾಗದದ ಕೊಳವೆಯ ರಾಕೆಟ್‌ಗಿಂತ ಬಹುದೂರ ಹೋಗುತ್ತಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಇಂಥ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅವುಗಳ ಜಾಡು ಹಿಡಿದು ಅಲ್ಲಿನ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ. 1806ರಲ್ಲಿ ಬ್ರಿಟಿಷ್ ನೌಕಾಪಡೆ ದೋಣಿಗಳಿಂದಲೇ ಫ್ರಾನ್ಸಿನ ಬುಲೋನ್ ಬಂದರಿನ ಮೇಲೆ ಅವುಗಳ ಮಳೆಗರೆಯಿತು. ಫಿರಂಗಿಯಂತೆ ಹಿಂದಕ್ಕೆ ಒದೆಯದ ಕಾರಣ ಸಣ್ಣ ದೋಣಿಯೂ ಸಾಕಿತ್ತು.

ಅದೇ ಗುಣ ಮುಂದೆಯೂ ಕೆಲಸಕ್ಕೆ ಬಂತು: ಎರಡನೇ ಮಹಾಯುದ್ಧದಲ್ಲಿ, 1944ರ ನಾರ್ಮಂಡಿ ದಾಳಿಯಲ್ಲೂ ಯುದ್ಧನೌಕೆಗಳ ಫಿರಂಗಿಗಳು ದೂರದಿಂದ ಗುರಿಯಿಟ್ಟರೆ, ದಡದ ಸಮೀಪ ಏಕಕಾಲಕ್ಕೆ ನೂರಾರು ಗುಂಡು ಸುರಿಸಿದ್ದು ರಾಕೆಟ್ ಹೊತ್ತ ದೋಣಿಗಳು.