ಕೋಶ ಓದಿದವರು



'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ಮಾತು. ಇಲ್ಲಿ ಕೋಶವೆಂದರೆ ಗ್ರಂಥ. ಅದೇ ಪದಕ್ಕೆ ಭಂಡಾರ, ಒರೆ ಎಂಬ ಅರ್ಥಗಳೂ ಉಂಟು. ಜೀವಿಗಳ ಶರೀರದ ಅತಿ ಸಣ್ಣ ಸಜೀವ ಘಟಕಕ್ಕೆ ಕನ್ನಡದಲ್ಲಿ ನಿಂತ ಹೆಸರೂ ಇದೇ: ಜೀವಕೋಶ. ಹೆಸರು ಹೊಂದುತ್ತದೆ. ಅದು ಒರೆಯೂ ಹೌದು, ಭಂಡಾರವೂ ಹೌದು, ಓದಬೇಕಾದ ಗ್ರಂಥವೂ ಹೌದು. ಈ ಗ್ರಂಥವನ್ನು ಮನುಷ್ಯ ಮೊದಲು ತೆರೆದದ್ದು 1665ರಲ್ಲಿ. ಓದು ಇನ್ನೂ ಮುಗಿದಿಲ್ಲ.

ಇಂದು ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ವಿಜ್ಞಾನವನ್ನು ಓದುತ್ತಿದ್ದಾರೆ. ಹೆಣ್ಣುಮಕ್ಕಳು ನರ್ಸಿಂಗ್ ತರಬೇತಿಗೆ ಹೋಗುತ್ತಿದ್ದಾರೆ. ಇದರ ಬಗ್ಗೆ ಹಿರಿಯರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. 'ಇದನ್ನೆಲ್ಲ ಕಲಿತ ಮೇಲೆ ಇವರ ಕೈಯಲ್ಲಿ ಜಪಮಾಲೆ ಉಳಿದೀತೇ?' ಎಂಬ ಅಳುಕು ಒಂದು. 'ವಿಜ್ಞಾನವನ್ನೆಲ್ಲ ಬೆಳೆಸಿದವರು ನಮ್ಮವರೇ ಅಲ್ಲವೇ?' ಎಂಬ ಹೆಮ್ಮೆ ಇನ್ನೊಂದು. ಜೀವಕೋಶದ ಚರಿತ್ರೆಯನ್ನು ನೆಟ್ಟಗೆ ಓದಿದರೆ ಈ ಅಳುಕೂ ಸಡಿಲವಾಗುತ್ತದೆ, ಈ ಹೆಮ್ಮೆಯೂ ತಗ್ಗುತ್ತದೆ.

ಈರುಳ್ಳಿಯ ಪೊರೆಯಲ್ಲಿ ಕಾಣುವುದು

ಬೇಸಿಗೆಯಲ್ಲಿ ಅಂಕೋಲೆಯಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದು ಹೋದವರು ಕುಮಟೆಯ ಅಳ್ವೆಕೋಡಿಯ ಬಳಿ ರಸ್ತೆಯ ಬದಿಯಲ್ಲಿ ತೂಗುಬಿಟ್ಟ ಸಿಹಿ ಈರುಳ್ಳಿಯ ಗೊಂಚಲುಗಳನ್ನು ನೋಡಿಯೇ ಇರುತ್ತೀರಿ. ಜೀವಕೋಶವನ್ನು ಕಾಣಲು ಅಂಥ ಒಂದು ಈರುಳ್ಳಿ ಸಾಕು. ಅದರ ದಪ್ಪ ಪದರವನ್ನು ಮುರಿದಾಗ ಒಳಮೈಯಿಂದ ಬಿಡಿಸಿಕೊಂಡು ಬರುವ ತೆಳುವಾದ ಪೊರೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಡಿ ನೋಡಿರಿ. ಇಟ್ಟಿಗೆ ಜೋಡಿಸಿದ ಗೋಡೆಯಂತೆ ಸಾಲುಸಾಲಾಗಿ ಕೋಣೆಗಳು ಕಾಣುತ್ತವೆ. ಪ್ರತಿ ಕೋಣೆಗೂ ಗಟ್ಟಿಯಾದ ಕೋಶಭಿತ್ತಿ, ಅದಕ್ಕೆ ಅಂಟಿಕೊಂಡು ಒಳಗೆ ನವಿರಾದ ಕೋಶಪೊರೆ, ಅದರೊಳಗೆ ಕೋಶದ್ರವ್ಯ, ಒಂದು ಬದಿಯಲ್ಲಿ ದುಂಡಗಿನ ಕೋಶಕೇಂದ್ರ. ನಮ್ಮ ಶರೀರದ ಕೋಶಗಳಿಗೆ ಗಟ್ಟಿ ಭಿತ್ತಿಯಿಲ್ಲ. ಪೊರೆಯೇ ಅವುಗಳ ಎಲ್ಲೆ.

ಈ ಪೊರೆಯ ಕೆಲಸವನ್ನು ನಮ್ಮ ಕರಾವಳಿಯವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಈರುಳ್ಳಿಯ ಪೊರೆಗೆ ಒಂದು ಹನಿ ಉಪ್ಪುನೀರು ತಾಗಿಸಿದರೆ ಕೋಶದೊಳಗಿನ ನೀರು ಹೊರಗೆ ಹರಿದು, ಒಳಗಿನ ದ್ರವ್ಯ ಭಿತ್ತಿಯನ್ನು ಬಿಟ್ಟು ಮುದುಡಿಕೊಳ್ಳುತ್ತದೆ. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿದಾಗ ಅದು ನೀರೊಡೆದು ಸುಕ್ಕಾಗುವುದು ಇದೇ ಕಾರಣದಿಂದ. ಮೀನಿಗೆ ಉಪ್ಪು ಹಾಕಿ ಒಣಗಿಸಿದರೆ ಅದು ಕೆಡದಿರಲು ಮುಖ್ಯ ಕಾರಣವೂ ಇದೇ: ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ನೀರನ್ನು ಉಪ್ಪು ಕಸಿದುಕೊಳ್ಳುತ್ತದೆ. ಗದ್ದೆಗೆ ಕಡಲನೀರು ನುಗ್ಗಿದರೆ ಸಾಮಾನ್ಯ ಭತ್ತ ಸಾಯುತ್ತದೆ. ಗಜನಿ ಭೂಮಿಯ ಕಗ್ಗ ಭತ್ತ ತಾಳಿಕೊಳ್ಳುತ್ತದೆ. ಕಾಳಿ ನದಿಯ ಅಳಿವೆಯ ಕಾಂಡ್ಲ ಗಿಡಗಳೂ ಉಪ್ಪುನೀರಿನಲ್ಲೇ ಬೇರೂರಿ ನಿಲ್ಲುತ್ತವೆ. ಬದುಕು ಸಾವುಗಳ ತೀರ್ಮಾನ ಕಣ್ಣಿಗೆ ಕಾಣದ ಆ ಪೊರೆಯ ಮಟ್ಟದಲ್ಲಿ ಆಗುತ್ತಿರುತ್ತದೆ.

ಮೊದಲ ನೋಟಗಳು

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಬಿರಡೆಯ ಮರದ ತೊಗಟೆಯ ತೆಳು ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲ್ಲಿ ಕಂಡ ಪುಟ್ಟ ಗೂಡುಗಳನ್ನು ಜೇನುಹುಟ್ಟಿಗೆ ಹೋಲಿಸಿ ಅವಕ್ಕೆ 'ಸೆಲ್' ಎಂದು ಹೆಸರಿಟ್ಟರು. ಆ ಪದದ ಮೂಲ ಲತೀನಿನ 'ಸೆಲ್ಲಾ', ಅಂದರೆ ಸಣ್ಣ ಕೋಣೆ. ಮಠಗಳಲ್ಲಿ ಸನ್ಯಾಸಿಗಳು ಒಂಟಿಯಾಗಿ ಇರುವ ಕೊಠಡಿಗೂ ಅದೇ ಹೆಸರು. ಹುಕ್ ಕಂಡದ್ದು ಒಣಗಿದ ತೊಗಟೆಯ ಖಾಲಿ ಕೋಣೆಗಳನ್ನು; ಒಳಗಿದ್ದ ಜೀವ ಹೊರಟುಹೋಗಿತ್ತು.

ಜೀವಂತ ಸೂಕ್ಷ್ಮಜೀವಿಗಳನ್ನು ಕಂಡವರು ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಜವಳಿ ವ್ಯಾಪಾರಿ ಲೇವನ್‌ಹುಕ್. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದ ಈತ ತಾನೇ ಉಜ್ಜಿ ಮಾಡಿದ ಮಸೂರಗಳಿಂದ 1670ರ ದಶಕದಲ್ಲಿ ನೀರಿನ ಹನಿಯೊಳಗೆ ಈಜಾಡುವ ಜೀವಿಗಳನ್ನು ನೋಡಿದರು. ಲಂಡನ್ನಿನ ಪಂಡಿತರು ನಂಬಲಿಲ್ಲ. ಆಗ ಅವರು ತಮ್ಮ ಊರಿನ ಗಣ್ಯರ ಸಾಕ್ಷ್ಯಪತ್ರಗಳನ್ನು ಕಳುಹಿಸಿದರು. ಅವರಲ್ಲಿ ಪ್ರೊಟೆಸ್ಟೆಂಟ್ ಸಭಾಪಾಲಕರೂ ಇದ್ದರು.

ಈ ಸೂಕ್ಷ್ಮಜೀವಿಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಗೆ ಉತ್ತರಿಸಲು ಹೊರಟು ವಾದಕ್ಕೆ ಬಿದ್ದ ಇಬ್ಬರೂ ಕಥೋಲಿಕ ಗುರುಗಳು. ಕುದಿಸಿ ಬಿರಡೆ ಹಾಕಿಟ್ಟ ಮಾಂಸದ ಸಾರಿನಲ್ಲೂ ಜೀವಿಗಳು ತಾವಾಗಿಯೇ ಹುಟ್ಟುತ್ತವೆ ಎಂದು 1748ರಲ್ಲಿ ಬರೆದವರು ಇಂಗ್ಲೆಂಡಿನ ನೀಡಮ್. ಇಟಲಿಯ ಸ್ಪಲ್ಲನ್ಜಾನಿ ಗಾಜಿನ ಪಾತ್ರೆಯ ಬಾಯನ್ನೇ ಕರಗಿಸಿ ಮುಚ್ಚಿ, ಹೆಚ್ಚು ಹೊತ್ತು ಕುದಿಸಿ, ಒಳಗೆ ಏನೂ ಹುಟ್ಟುವುದಿಲ್ಲವೆಂದು 1765ರಲ್ಲಿ ತೋರಿಸಿದರು. ಸುಮಾರು ನೂರು ವರ್ಷಗಳ ಬಳಿಕ ಪಾಸ್ಟರ್ ಆ ವಾದಕ್ಕೆ ಕೊನೆ ಹಾಡಿದರು. ಇಬ್ಬರು ಗುರುಗಳ ವಿಶ್ವಾಸ ಒಂದೇ, ಅರ್ಪಿಸುತ್ತಿದ್ದ ಬಲಿಪೂಜೆಯೂ ಒಂದೇ. ಆದರೂ ಯಾರು ಸರಿ ಎಂಬುದನ್ನು ತೀರ್ಮಾನಿಸಿದ್ದು ಬೆಂಕಿಯ ಮೇಲಿಟ್ಟ ಪಾತ್ರೆ.

ದೀಕ್ಷಾಸ್ನಾನ ಒಲ್ಲದ ಪಂಡಿತ

1831ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡದ ಕೋಶಗಳಲ್ಲಿ ಕೋಶಕೇಂದ್ರವನ್ನು ಗುರುತಿಸಿ ಹೆಸರಿಟ್ಟರು. ಸಸ್ಯಗಳೆಲ್ಲ ಕೋಶಗಳಿಂದಾದವು ಎಂದು 1838ರಲ್ಲಿ ಜರ್ಮನಿಯ ಶ್ಲೈಡನ್ ಹೇಳಿದರು. ಪ್ರಾಣಿಗಳೂ ಹಾಗೆಯೇ ಎಂದು ಮರುವರ್ಷ ಥಿಯೊಡೋರ್ ಶ್ವಾನ್ ತೋರಿಸಿದರು. ಶ್ವಾನ್ ಶ್ರದ್ಧಾವಂತ ಕಥೋಲಿಕರು. 1839ರಲ್ಲಿ ಬೆಲ್ಜಿಯಂನ ಲುವೇನ್ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಹುಲ್ಲು, ಮೀನು, ಹದ್ದು, ಮನುಷ್ಯ ಎಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದ ಈ ಸಿದ್ಧಾಂತ ಜೀವವಿಜ್ಞಾನದ ಅಡಿಗಲ್ಲಾಯಿತು.

ಆದರೆ ಹೊಸ ಕೋಶ ಹುಟ್ಟುವ ಬಗೆಯಲ್ಲಿ ಇಬ್ಬರೂ ತಪ್ಪಿದರು. ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ನೀರು ಇಂಗಿದಂತೆ ಹರಳು ಕಟ್ಟುತ್ತದೆಯಲ್ಲವೇ, ಕೋಶಗಳೂ ಹಾಗೆಯೇ ಒಂದು ದ್ರವದಿಂದ ಹೆಪ್ಪುಗಟ್ಟುತ್ತವೆ ಎಂದು ಅವರು ಭಾವಿಸಿದ್ದರು. ಇದನ್ನು ತಿದ್ದಿದವರು ರಾಬರ್ಟ್ ರೆಮಾಕ್. ಕೋಳಿಮರಿಯ ಭ್ರೂಣದ ರಕ್ತಕಣಗಳನ್ನು 1841ರಿಂದಲೇ ಪರೀಕ್ಷಿಸುತ್ತ, ಒಂದು ಕೋಶ ಸೀಳಿ ಎರಡಾಗುವುದನ್ನು ಅವರು ಕಣ್ಣಾರೆ ಕಂಡರು. ಹಳೆಯ ಕೋಶದಿಂದಲ್ಲದೆ ಹೊಸ ಕೋಶ ಹುಟ್ಟುವುದಿಲ್ಲ ಎಂದು 1852ರಲ್ಲಿ ಪ್ರಕಟಿಸಿದರು.

ರೆಮಾಕ್ ಯೆಹೂದಿಗಳು. ಅಂದಿನ ಪ್ರಷ್ಯಾದಲ್ಲಿ ಯೆಹೂದಿಗಳಿಗೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಹಕ್ಕಿರಲಿಲ್ಲ. ದೀಕ್ಷಾಸ್ನಾನ ಪಡೆದರೆ ಬಾಗಿಲು ತೆರೆಯುತ್ತಿತ್ತು. ಹಲವರು ಹಾಗೆ ಪಡೆದದ್ದೂ ಉಂಟು. ರೆಮಾಕ್ ಒಪ್ಪಲಿಲ್ಲ. ಅರಸನಿಗೇ ಅರ್ಜಿ ಬರೆದರು. 1847ರಲ್ಲಿ ಬರ್ಲಿನ್ನಿನಲ್ಲಿ ಉಪನ್ಯಾಸ ನೀಡುವ ಅನುಮತಿ ದೊರೆಯಿತು. ಪೂರ್ಣ ಪ್ರಾಧ್ಯಾಪಕ ಪದವಿ ಕೊನೆಗೂ ದೊರೆಯಲಿಲ್ಲ. ವೈದ್ಯವೃತ್ತಿಯಿಂದ ಜೀವನ ಸಾಗಿಸುತ್ತಲೇ ಸಂಶೋಧನೆ ನಡೆಸಿದ ಅವರು 1865ರಲ್ಲಿ, ಐವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಅವರದೇ ಹೆಸರಿನ ಮೊಮ್ಮಗ ಗಣಿತಜ್ಞ. ಆತನನ್ನು 1942ರಲ್ಲಿ ನಾಜಿಗಳು ಔಶ್ವಿಟ್ಸ್ ಶಿಬಿರಕ್ಕೆ ಸಾಗಿಸಿ ಕೊಂದರು.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ನಮಗೆ ಅತ್ಯಂತ ಪವಿತ್ರವಾದ ಒಂದು ಸಂಸ್ಕಾರವನ್ನು ಕ್ರೈಸ್ತ ರಾಜ್ಯವೊಂದು ಉದ್ಯೋಗದ ಶುಲ್ಕವನ್ನಾಗಿ ಮಾಡಿತ್ತು. ನಂಬದೆ ಅದನ್ನು ಪಡೆಯಲಾರೆ ಎಂದವನು ಸಂಸ್ಕಾರಕ್ಕೆ ಅಪಮಾನ ಮಾಡಲಿಲ್ಲ. ಅದನ್ನು ಬೆಲೆಗಿಟ್ಟವರು ಮಾಡಿದರು. ಪ್ರಷ್ಯಾ ಪ್ರೊಟೆಸ್ಟೆಂಟ್ ರಾಜ್ಯ, ಅದರ ಪಾಪ ನಮ್ಮದಲ್ಲ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕಥೋಲಿಕ ನಾಡುಗಳಲ್ಲೂ ಯೆಹೂದಿಗಳು ಪಟ್ಟ ಪಾಡು ಕಡಿಮೆಯದಲ್ಲ. ಅವರ ಮೇಲಿನ ಎಲ್ಲ ದ್ವೇಷವನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬಹಿರಂಗವಾಗಿ ಖಂಡಿಸಿತು.

ರೆಮಾಕರು ಕಂಡ ಸತ್ಯವನ್ನು ಜಗತ್ತು ಕೇಳಿದ್ದು ರುಡಾಲ್ಫ್ ವಿರ್ಶೋರ ಬಾಯಿಂದ. ಎಲ್ಲ ಕೋಶವೂ ಕೋಶದಿಂದಲೇ ಎಂಬ ಲತೀನ್ ಸೂತ್ರವನ್ನು ಅವರು 1855ರಲ್ಲಿ ಸಾರಿದರು. ರೋಗವೆಂಬುದು ಮೂಲತಃ ಕೋಶದ ವಿಕಾರ ಎಂದು 1858ರ ತಮ್ಮ ಗ್ರಂಥದಲ್ಲಿ ಸ್ಥಾಪಿಸಿದರು. ರೆಮಾಕರ ಹೆಸರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲ. ಇದೇ ವಿರ್ಶೋ ರಾಜಕಾರಣದಲ್ಲಿ ನಮ್ಮ ಧರ್ಮಸಭೆಯ ಕಡು ವಿರೋಧಿ. ಪ್ರಷ್ಯಾ ಸರಕಾರ ಕಥೋಲಿಕ ಧರ್ಮಸಭೆಯ ವಿರುದ್ಧ ಹೂಡಿದ ಹೋರಾಟಕ್ಕೆ 1873ರಲ್ಲಿ 'ಸಂಸ್ಕೃತಿಯ ಸಮರ' ಎಂಬರ್ಥದ ಹೆಸರು ಕೊಟ್ಟವರು ಅವರೇ. ಆದರೂ ಇಂದು ನಮ್ಮ ಧರ್ಮಭಗಿನಿಯರು ನಡೆಸುವ ಆಸ್ಪತ್ರೆಗಳಲ್ಲಿ ಗೆಡ್ಡೆಯ ಚೂರೊಂದನ್ನು ಪರೀಕ್ಷೆಗೆ ಕಳುಹಿಸುವಾಗಲೆಲ್ಲ ವಿರ್ಶೋ ಹಾಕಿದ ದಾರಿಯಲ್ಲೇ ನಡೆಯುತ್ತಾರೆ. ಅದರಿಂದ ರೋಗಿ ಬದುಕುತ್ತಾನೆ.

ಪ್ರಯೋಗಾಲಯದಲ್ಲಿ ಗುರುಗಳು

ಅದೇ ಕಾಲದಲ್ಲಿ ಲುವೇನಿನಲ್ಲಿ ಇನ್ನೊಂದು ಕೆಲಸ ನಡೆಯುತ್ತಿತ್ತು. ವಂದನೀಯ ಜಾನ್ ಬ್ಯಾಪ್ಟಿಸ್ಟ್ ಕಾರ್ನಾಯ್ (1836-1899) ಗುರುದೀಕ್ಷೆ ಪಡೆದ ಮೇಲೆ ವಿಜ್ಞಾನ ಅಭ್ಯಾಸ ಮಾಡಿ ಅಲ್ಲಿ ಪ್ರಾಧ್ಯಾಪಕರಾದವರು. ಜೀವಕೋಶದ ಅಧ್ಯಯನಕ್ಕೆಂದೇ ಅವರು 1884ರಲ್ಲಿ 'ಲಾ ಸೆಲ್ಯೂಲ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ಕೋಶವನ್ನು ಇದ್ದ ಹಾಗೆಯೇ ತಟಸ್ಥಗೊಳಿಸಿ ಕಾಪಿಡಲು ಅವರು ಸಿದ್ಧಪಡಿಸಿದ ದ್ರಾವಣ ಇಂದಿಗೂ ಬಳಕೆಯಲ್ಲಿದೆ: ಆರು ಪಾಲು ಮದ್ಯಸಾರ, ಮೂರು ಪಾಲು ಕ್ಲೋರೋಫಾರ್ಮ್, ಒಂದು ಪಾಲು ಅಸಿಟಿಕ್ ಆಮ್ಲ. ಪದವಿ ತರಗತಿಯ ವಿದ್ಯಾರ್ಥಿಗಳು ಈರುಳ್ಳಿಯ ಬೇರಿನ ತುದಿಯಲ್ಲಿ ಕೋಶ ಎರಡಾಗುವುದನ್ನು ನೋಡುವ ಪ್ರಯೋಗಕ್ಕೆ ಕಾರ್ನಾಯ್ ದ್ರಾವಣವನ್ನು ಬಳಸುತ್ತಾರೆ. ಸೀಸೆಯ ಮೇಲಿನ ಆ ಹೆಸರು ಒಬ್ಬ ಕಥೋಲಿಕ ಗುರುವಿನದು ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಕಾರ್ನಾಯ್ ಕಟ್ಟಿದ ಪರಂಪರೆಯಲ್ಲೇ ಬೆಳೆದ ಇನ್ನೊಬ್ಬ ಗುರು ಫ್ರಾನ್ಸ್ ಆಲ್ಫೋನ್ಸ್ ಯಾನ್ಸೆನ್ಸ್. ಹಲ್ಲಿಯಂತೆ ಕಾಣುವ, ಆದರೆ ಕಪ್ಪೆಯ ಬಳಗಕ್ಕೆ ಸೇರಿದ ಸಾಲಮಾಂಡರ್ ಎಂಬ ಪ್ರಾಣಿಯ ವೀರ್ಯಾಣುಗಳು ರೂಪುಗೊಳ್ಳುವುದನ್ನು ಅವರು ಪರಿಶೀಲಿಸಿದರು. ಈ ಬಳಗದ ಕೋಶಗಳು ದೊಡ್ಡವು, ನೋಡಲು ಅನುಕೂಲ. ತಾಯಿಯಿಂದ ಬಂದ ವರ್ಣತಂತುವೂ ತಂದೆಯಿಂದ ಬಂದ ವರ್ಣತಂತುವೂ ಜೋಡಿಯಾಗಿ ನಿಂತಾಗ ಅಲ್ಲಲ್ಲಿ ಹೆಣೆದುಕೊಂಡು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ ಎಂದು ಅವರು 1909ರಲ್ಲಿ 'ಲಾ ಸೆಲ್ಯೂಲ್'ನಲ್ಲೇ ಬರೆದರು. ಒಂದೇ ತಂದೆತಾಯಿಯ ಮಕ್ಕಳಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲದಿರಲು ಇದೊಂದು ಮುಖ್ಯ ಕಾರಣ. ಅಮೆರಿಕದ ಮಾರ್ಗನ್ ಈ ವಿಚಾರವನ್ನು ಆಧಾರವಾಗಿಟ್ಟುಕೊಂಡು ಅನುವಂಶಿಕತೆಯ ಶಾಸ್ತ್ರವನ್ನು ಬೆಳೆಸಿದರು.

ಇದೇ ಲುವೇನಿನ ಕ್ರಿಶ್ಚಿಯನ್ ಡಿ ಡ್ಯೂವ್ ಕೋಶದೊಳಗಿನ ಕಸವನ್ನು ಕರಗಿಸುವ ಲೈಸೋಸೋಮ್ ಎಂಬ ಚೀಲಗಳನ್ನು 1955ರಲ್ಲಿ ಗುರುತಿಸಿ, 1974ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಯೇಸುಸಭೆಯ ಶಾಲೆಯಲ್ಲಿ ಓದಿದ ಅವರು ಮುಂದೆ ಬಾಲ್ಯದ ವಿಶ್ವಾಸದಿಂದ ದೂರ ಸರಿದರು. ಇದನ್ನೂ ಮುಚ್ಚಿಡದೆ ಹೇಳಬೇಕು. ಅವರು ಕಂಡ ಚೀಲಗಳು ವಿಶ್ವಾಸಿಯ ಶರೀರದಲ್ಲೂ ಅವಿಶ್ವಾಸಿಯ ಶರೀರದಲ್ಲೂ ಒಂದೇ ಕೆಲಸ ಮಾಡುತ್ತವೆ.

ನಮ್ಮ ನಾಡಿನಲ್ಲಿ

ಯಾನ್ಸೆನ್ಸ್ ನೋಡಿದಂಥ ಸಾಲಮಾಂಡರ್ ನಮ್ಮ ಕರಾವಳಿಯಲ್ಲಿಲ್ಲ. ಆದರೆ ಅದರ ಬಳಗದ ಕಾಲಿಲ್ಲದ ಜೀವಿಗಳು ಪಶ್ಚಿಮ ಘಟ್ಟದ ಹಸಿ ಮಣ್ಣಿನಲ್ಲಿವೆ; ತೋಟ ಅಗೆಯುವವರು ಅವನ್ನು ಎರೆಹುಳವೆಂದೋ ಹಾವೆಂದೋ ತಿಳಿಯುವುದುಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬಿ. ಆರ್. ಶೇಷಾಚಾರ್ ಇಂಥ ಜೀವಿಯ ವೀರ್ಯಾಣುಗಳು ಹುಟ್ಟುವ ಬಗೆಯನ್ನು ಅಭ್ಯಸಿಸಿ 1936ರಲ್ಲಿ ಜರ್ಮನಿಯ ಕೋಶವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಲ್ಜಿಯಂನ ಗುರು ಸಾಲಮಾಂಡರಿನಲ್ಲಿ ಹಿಡಿದ ಅಧ್ಯಯನದ ಎಳೆಯನ್ನೇ ಕರ್ನಾಟಕದ ವಿಜ್ಞಾನಿ ಘಟ್ಟದ ಜೀವಿಯಲ್ಲಿ ಹಿಡಿದರು. ಸಸ್ಯಗಳ ಒಳರಚನೆಯ ವಿದ್ವಾಂಸ ಬಿ. ಜಿ. ಎಲ್. ಸ್ವಾಮಿಯವರಂತೂ ಸಸ್ಯಲೋಕವನ್ನು ಕನ್ನಡದ ಓದುಗರ ಅಂಗಳಕ್ಕೇ ತಂದರು. ಅವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಒಬೈದ್ ಸಿದ್ದಿಕಿಯವರು ಬೆಂಗಳೂರಿನಲ್ಲಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೋಶಪೊರೆಯ ಮೇಲೆ ನಡೆದ ಸಂಶೋಧನೆಗೆ ಜಗತ್ತಿನ ಮನ್ನಣೆಯಿದೆ. ನಮ್ಮ ಕಾರವಾರದ ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ.

ಈ ಹೆಸರುಗಳನ್ನು ಒಟ್ಟಾಗಿ ನೋಡಿರಿ. ಜವಳಿ ವ್ಯಾಪಾರಿ, ಗುರು, ಯೆಹೂದಿ, ಧರ್ಮಸಭೆಯ ವಿರೋಧಿ, ವಿಶ್ವಾಸ ತೊರೆದವರು, ಹಿಂದೂ, ಮುಸ್ಲಿಮ್. ಒಬ್ಬರು ಓದಿದ ಪುಟದ ಮುಂದಿನ ಪುಟವನ್ನು ಇನ್ನೊಬ್ಬರು ಓದಿದ್ದಾರೆ. ಯಾರ ಬಾಯಿಂದ ಬಂದರೂ ಸತ್ಯದ ಮೂಲ ಪವಿತ್ರಾತ್ಮರೇ ಎಂಬುದನ್ನು ಸಂತ ತೋಮಾಸ್ ಅಕ್ವಿನಾಸರು ಎಂದೋ ಒಪ್ಪಿದ್ದರು. ತಾಯಿಯ ಗರ್ಭದಲ್ಲಿ ನಮ್ಮನ್ನು ಹೆಣೆದವರನ್ನು ಸ್ತುತಿಸುವ 139ನೆಯ ಕೀರ್ತನೆಯನ್ನು ನಾವು ಪ್ರಾರ್ಥಿಸುತ್ತೇವೆ. ಆ ಹೆಣಿಗೆ ಒಂದೇ ಒಂದು ಕೋಶದಿಂದ ಆರಂಭವಾಗುತ್ತದೆಂದೂ, ಆ ಕೋಶ ತನಗಿಂತ ಹಿಂದಿನ ಕೋಶಗಳಿಂದ ಬಂದದ್ದೆಂದೂ ತಿಳಿಯಲು ನೆರವಾದವರು ರೆಮಾಕ್. ಆ ಕೀರ್ತನೆ ಮೂಲತಃ ಅವರ ಜನಾಂಗದ ಪ್ರಾರ್ಥನೆಯೇ ಅಲ್ಲವೇ?

ತಂದೆತಾಯಂದಿರೇ, ಮಕ್ಕಳು ಕೋಶದ ಚಿತ್ರ ಬಿಡಿಸುತ್ತ ಕುಳಿತಾಗ ಹತ್ತಿರ ಹೋಗಿ ಕೇಳಿರಿ. 'ಇದೇನು, ಅದೇನು' ಎಂದು ಅವರಿಂದಲೇ ಹೇಳಿಸಿಕೊಳ್ಳಿರಿ. ಕಾರ್ನಾಯ್ ಗುರುಗಳ ಹೆಸರನ್ನು ಸಂತೋಷದಿಂದ ತಿಳಿಸಿರಿ. ರೆಮಾಕರ ಹೆಸರನ್ನೂ, ಅವರಿಗೆ ಆದದ್ದನ್ನೂ ಬಿಡದೆ ತಿಳಿಸಿರಿ. ಪಕ್ಕದ ಬೆಂಚಿನಲ್ಲಿ ಕುಳಿತು ಅದೇ ಚಿತ್ರ ಬಿಡಿಸುವ ಸಹಪಾಠಿಯ ಧರ್ಮ ಯಾವುದೇ ಇರಲಿ, ಅವರಿಬ್ಬರೂ ಒಂದೇ ಗ್ರಂಥವನ್ನು ಓದುತ್ತಿದ್ದಾರೆ.