ಮರದ ತಿರುಪು, ಅದನ್ನು ಕೊರೆದ ಹಿಡಿ

ಓಲೆ ಹಾಕಿಕೊಳ್ಳುವ ಹೊತ್ತಿನಲ್ಲಿ “ತಿರುಪು ಎಲ್ಲಿ ಬಿತ್ತೋ!” ಎಂಬ ಉದ್ಗಾರವನ್ನು ಕೇಳದ ಮನೆಯುಂಟೆ? ತಿರುಗು, ತಿರುವು, ತಿರುಪು ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಮನೆಮನೆ ತಿರುಗುವವನ ತಿರುಪೆಯೂ ಆ ಬಳ್ಳಿಯದೇ. ತಿರುಪಿಗೆ ಎರಡು ಅಂಗ: ಹೊರಮೈಯಲ್ಲಿ ಸುತ್ತುಳ್ಳ ಕಡ್ಡಿ, ಒಳಮೈಯಲ್ಲಿ ಸುತ್ತುಳ್ಳ ತೂತು. ಕಡ್ಡಿಯ ಸುತ್ತನ್ನು ಗೆರೆ ಎಳೆದುಕೊಂಡು ಉಳಿಯಿಂದ ಕೆತ್ತಬಹುದು. ತೂತಿನೊಳಗೆ ಉಳಿ ಆಡುವುದೆಂತು?

ಈ ತೊಡಕನ್ನು ಬಿಡಿಸಿದ ಉಪಾಯವೊಂದು ಕ್ರಿ. ಶ. ಒಂದನೆಯ ಶತಮಾನದ ಅಲೆಕ್ಸಾಂಡ್ರಿಯದ ಹೆರಾನನ ಯಂತ್ರಶಾಸ್ತ್ರ ಗ್ರಂಥದಲ್ಲಿದೆ. ಆ ಗ್ರಂಥದ ಗ್ರೀಕ್ ಮೂಲ ಬಹುಪಾಲು ನಷ್ಟವಾಗಿ, ಒಂಬತ್ತನೆಯ ಶತಮಾನದ ಅರಬ್ಬೀ ಅನುವಾದದಿಂದ ನಮಗೆ ಉಳಿಯಿತು. ಮರದ ತಿರುಪೊಂದರ ತುದಿಗೆ ಕಬ್ಬಿಣದ ಹಲ್ಲು ಕೂರಿಸುವುದು. ತಿರುಪು ತನ್ನ ಸುತ್ತಿನ ಜಾಡಿನಲ್ಲೇ ಇಳಿಯುತ್ತ ಹಲ್ಲನ್ನು ತೂತಿನೊಳಕ್ಕೆ ಒಯ್ಯುವುದು. ಒಂದು ಸಲ ಗೀರಿದ ಮೇಲೆ ಬೆಣೆ ಬಡಿದು ಹಲ್ಲನ್ನು ಕೊಂಚ ಮುಂದೆ ಚಾಚಿ ಮತ್ತೆ ತಿರುಗಿಸುವುದು. ಇದರ ಅಗತ್ಯ ಬಿದ್ದದ್ದು ದ್ರಾಕ್ಷಿ, ಆಲಿವ್ ಹಿಂಡುವ ಒತ್ತುಯಂತ್ರಗಳಿಗೆ. ತಿರುಪಿನ ಒತ್ತುಯಂತ್ರ ಕಳೆದ ನೂರು ವರ್ಷಗಳೊಳಗೆ ಬಂದದ್ದೆಂದು ರೋಮಿನ ಪ್ಲಿನಿ ಅದೇ ಶತಮಾನದಲ್ಲಿ ಬರೆದಿದ್ದಾನೆ.

ಮುಂದೆ ಯುರೋಪಿನ ಬಡಗಿಗಳ ಕೈಗೆ ಬಂದ ಉಪಕರಣ ಇದಕ್ಕಿಂತ ಸರಳ. ಮೈತುಂಬ ಸುತ್ತುಹಲ್ಲುಗಳುಳ್ಳ ಕಬ್ಬಿಣದ ಗುಂಡು ಕೋಲು, ಅದೇ ಟ್ಯಾಪು. ಮೊದಲು ಬೈರಿಗೆಯಿಂದ ತುಸು ಕಿರಿದಾದ ತೂತು ಮಾಡಿ, ಟ್ಯಾಪನ್ನು ಅದಕ್ಕಿಳಿಸಿ ತಿರುಗಿಸಬೇಕು. ಹೊರಸುತ್ತನ್ನು ಕೊರೆಯಲು ಕತ್ತಿಯಿಟ್ಟ ಮರದ ಪೆಟ್ಟಿಗೆಯೊಂದುಂಟು; ಸೋಜಿಗವೆಂದರೆ, ಆ ಪೆಟ್ಟಿಗೆಯ ಒಳಸುತ್ತನ್ನು ಕೊರೆಯುವುದೂ ಇದೇ ಟ್ಯಾಪು. ಗಂಡು ತಿರುಪಿಗೂ ಹೆಣ್ಣು ತಿರುಪಿಗೂ ಇದೊಂದೇ ತಾಯಿ.

ಈ ತಾಯಿಗೆ ಕೈ ಬೇಕಲ್ಲ! ಟ್ಯಾಪಿನ ತಲೆಯಲ್ಲಿ ಒಂದು ಕಣ್ಣು, ಇಲ್ಲವೆ ಚೌಕದ ತುದಿ. ಅದಕ್ಕೆ ಅಡ್ಡಲಾಗಿ ಗಟ್ಟಿಮರದ ಹಿಡಿ. ನಡುವೆ ದಪ್ಪ, ಎರಡು ಕಡೆ ಅಂಗೈಗೆ ಒಗ್ಗುವಂತೆ ಸಪೂರ. ನಮ್ಮ ಬೀಸುವ ಕಲ್ಲಿನ ಗೂಟ ಒಂದೇ ಕಡೆಗಿದ್ದರೂ ಸಾಗುತ್ತದೆ. ಅಲ್ಲಿ ನಡುಗೂಟ ಕಲ್ಲನ್ನು ಜಾರದಂತೆ ಹಿಡಿದಿರುತ್ತದೆ. ಇಲ್ಲಿ ಹಾಗಲ್ಲ. ಎರಡು ಕೈಗಳೂ ಸಮಬಲದಿಂದ ತಿರುಗಿಸಿದರೆ ಮಾತ್ರ ಟ್ಯಾಪು ನೆಟ್ಟಗೆ ಇಳಿದೀತು. ಹಿಡಿ ಗಿಡ್ಡವಾದರೆ ತೋಳು ಸೋಲುತ್ತದೆ. ಬಹಳ ಉದ್ದವಾದರೆ ಮರ ಎಲ್ಲಿ ಬಿಗಿಯಿತೆಂಬುದು ಕೈಗೆ ತಿಳಿಯುವ ಮೊದಲೇ ಸುತ್ತು ಹರಿದುಹೋಗುತ್ತದೆ. ಬಡಗಿ ಎಣ್ಣೆ ಸವರಿ, ಮುಂದಕ್ಕೆ ಕೊಂಚ, ಹಿಂದಕ್ಕೆ ಕೊಂಚ ತಿರುಗಿಸಿ ಹೊಟ್ಟು ಉದುರಿಸುತ್ತ ಹೋಗುತ್ತಿದ್ದ. ಯಾವಾಗ ನಿಲ್ಲಿಸಬೇಕೆಂಬುದನ್ನು ಅವನಿಗೆ ಹೇಳುತ್ತಿದ್ದುದು ಆ ಹಿಡಿಯೇ.

ಇದನ್ನು ನಾನು ಪುಸ್ತಕದಿಂದಲೇ ತಿಳಿದವನಲ್ಲ. ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯ ಕೈಗೆಲಸದ ಕೋಣೆಯಲ್ಲಿ ಕಬ್ಬಿಣ ಕೊರೆಯುವ ಟ್ಯಾಪಿನ ಹಿಡಿ ಕಾಣದಾದಾಗ, “ಸ್ಪ್ಯಾನರಿನಿಂದ ತಿರುಗಿಸಪ್ಪ” ಎಂದು ಹುಡುಗನೊಬ್ಬನಿಗೆ ಹೇಳಿದ ಪಂಡಿತ ನಾನೇ. ಒಂದೇ ಕಡೆಯ ಎಳೆತಕ್ಕೆ ಟ್ಯಾಪು ವಾಲಿ ಟಣ್ಣೆಂದು ಮುರಿಯಿತು. ಬೈಗುಳ ತಿಂದವನು ಹುಡುಗ. ಅಪ್ಪಣೆ ನನ್ನದೆಂದು ಅಂದು ನಾನು ಬಾಯಿ ಬಿಡಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ನಮ್ಮ ದೇಶದಲ್ಲಿ ಮರದ ಸುತ್ತು ಅಪರಿಚಿತವೇನಲ್ಲ. ಹತ್ತಿಯಿಂದ ಬೀಜ ಬೇರ್ಪಡಿಸುವ ಚರಕಿಯ ಎರಡು ಉರುಳೆಗಳ ತುದಿಯಲ್ಲಿ ಸುತ್ತು ಕೆತ್ತಿರುತ್ತಿದ್ದರು. ಒಂದು ಸುತ್ತು ಇನ್ನೊಂದನ್ನು ಕಚ್ಚಿ, ಒಂದು ಉರುಳೆ ತಿರುಗಿದರೆ ಮತ್ತೊಂದು ಎದುರಾಗಿ ತಿರುಗುತ್ತಿತ್ತು. ಎರಡೂ ಹೊರಸುತ್ತುಗಳೇ! ತೂತಿನ ಗೊಡವೆಯೇ ಇಲ್ಲದ ಕಡೆ ಟ್ಯಾಪಿಗೇನು ಕೆಲಸ?

ಸುಮಾರು 1800ರ ಹೊತ್ತಿಗೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೆಯ ಲೇತು ಲೋಹದ ತಿರುಪನ್ನು ನಿಖರವಾಗಿ ಕೊರೆಯತೊಡಗಿತು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ತಿರುಪಿನ ಸುತ್ತುಗಳಿಗೆ ಸಮಾನ ಅಳತೆಯನ್ನು ಸೂಚಿಸಿದ. ಮರದ ತಿರುಪು ಬಡಗಿಯ ಹಲಗೆಮೇಜಿಗೂ ಪುಸ್ತಕ ಕಟ್ಟುವವನ ಒತ್ತುಹಲಗೆಗೂ ಸರಿಯಿತು. ಹಳೆಯ ಉಪಕರಣಗಳನ್ನು ಕೂಡಿಡುವವರಿಗೆ ಈಗಲೂ ಆ ಟ್ಯಾಪುಗಳು ದೊರೆಯುವುದುಂಟು, ಆದರೆ ಎಷ್ಟೋ ಸಲ ಹಿಡಿಯಿಲ್ಲದೆ. ಕಬ್ಬಿಣ ತುಕ್ಕು ಹಿಡಿದಾದರೂ ಉಳಿಯಿತು. ಬೆವರು ಕುಡಿದು ನುಣುಪಾದ ಮರ ಹುಳುವಿಗೋ ಒಲೆಗೋ ಹೋಯಿತು. ಕೆಲಸಕ್ಕೆ ಬೇಕೆನ್ನುವವರು ಬೇರೊಂದು ಗಟ್ಟಿಮರದ ತುಂಡನ್ನು ಆ ಕಣ್ಣಿನ ಅಳತೆಗೆ ಕೆತ್ತಿ ಹೊಸ ಹಿಡಿ ತೊಡಿಸುತ್ತಾರೆ.