ಬ್ಯಾಂಕಾಕ್: ಹೋಗುವುದು ಹೇಗೆ, ಸುತ್ತುವುದು ಹೇಗೆ?

ಥಾಯ್ಲೆಂಡ್ ರಾಜಧಾನಿ ಬ್ಯಾಂಕಾಕ್‌ಗೆ ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಗಳ ಪ್ರಯಾಣ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿರುತ್ತದೆ. ಪ್ರಯಾಣ ಸುಲಭವಾದರೂ ಪೂರ್ವಸಿದ್ಧತೆ ಇಲ್ಲದವರು ಹಣ ಮತ್ತು ಸಮಯ ಎರಡನ್ನೂ ಕಳೆದುಕೊಳ್ಳುವ ನಗರವಿದು.

ಪ್ರವೇಶ ನಿಯಮ

ಭಾರತೀಯ ಪ್ರವಾಸಿಗರಿಗೆ 2024ರ ಜುಲೈನಲ್ಲಿ 60 ದಿನಗಳ ವೀಸಾರಹಿತ ಪ್ರವೇಶಾವಕಾಶ ನೀಡಲಾಯಿತು. ಈ ನಿಯಮ ಆಗಾಗ್ಗೆ ಬದಲಾಗುವುದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನ ಥಾಯ್ ರಾಯಭಾರ ಕಚೇರಿಯ ಪ್ರಕಟಣೆಯನ್ನು ಗಮನಿಸುವುದು ಒಳಿತು. 2025ರ ಮೇ 1ರಿಂದ ಡಿಜಿಟಲ್ ಆಗಮನ ಪತ್ರ ಕಡ್ಡಾಯವಾಗಿದೆ. ಆಗಮನಕ್ಕೆ ಮುಂಚಿನ ಮೂರು ದಿನಗಳೊಳಗೆ ಅಂತರ್ಜಾಲದಲ್ಲಿ ಇದನ್ನು ಭರ್ತಿ ಮಾಡಬೇಕು. ಇದು ಸಂಪೂರ್ಣ ಉಚಿತ. ಶುಲ್ಕ ಕೇಳುವ ತಾಣಗಳು ಸರ್ಕಾರದವಲ್ಲ.

ವಿಮಾನ ನಿಲ್ದಾಣದಿಂದ ನಗರಕ್ಕೆ

2006ರಲ್ಲಿ ಆರಂಭವಾದ ಮುಖ್ಯ ನಿಲ್ದಾಣದ ಹೆಸರು ‘ಸುವರ್ಣಭೂಮಿ’. ನಿರ್ಗಮನ ವಿಭಾಗದಲ್ಲಿರುವ ಸಮುದ್ರಮಥನದ ಬೃಹತ್ ಶಿಲ್ಪ ಭಾರತೀಯರ ಗಮನ ಸೆಳೆಯದೆ ಇರದು. ನಗರಕ್ಕೆ ಸುಮಾರು 30 ಕಿ.ಮೀ. ದೂರವಿದ್ದು, ಫಯಾ ಥಾಯ್‌ವರೆಗೆ ಸಾಗುವ ರೈಲು ಸುಮಾರು ಅರ್ಧ ಗಂಟೆಯಲ್ಲಿ ತಲುಪಿಸುತ್ತದೆ. ಕಡಿಮೆ ದರದ ಹಲವು ವಿಮಾನಗಳು ಹಳೆಯ ಡಾನ್ ಮುಯಾಂಗ್ ನಿಲ್ದಾಣದಲ್ಲಿ ಇಳಿಯುತ್ತವೆ. ಹೀಗಾಗಿ ಟಿಕೆಟ್‌ನಲ್ಲಿ ನಿಲ್ದಾಣದ ಹೆಸರನ್ನು ಖಚಿತಪಡಿಸಿಕೊಳ್ಳಬೇಕು.

ನಗರ ಸಂಚಾರ

ವಾಹನ ದಟ್ಟಣೆಗೆ ಬ್ಯಾಂಕಾಕ್ ಬೆಂಗಳೂರಿಗೇನೂ ಕಡಿಮೆಯಿಲ್ಲ. ಆದ್ದರಿಂದ 1999ರಲ್ಲಿ ಆರಂಭವಾದ ಬಿಟಿಎಸ್ ಮೇಲ್ಸೇತುವೆ ರೈಲು ಹಾಗೂ 2004ರ ಎಂಆರ್‌ಟಿ ಸುರಂಗ ರೈಲನ್ನು ನೆಚ್ಚಿಕೊಳ್ಳುವುದೇ ಜಾಣತನ. ಬಿಟಿಎಸ್‌ನ ಸಫಾನ್ ತಕ್ಸಿನ್ ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ದೋಣಿಕಟ್ಟೆ. ಅಲ್ಲಿಂದ ಚಾವೊ ಫ್ರಯಾ ನದಿಯ ದೋಣಿಯಲ್ಲಿ ಅರಮನೆ ಹಾಗೂ ಅರುಣನ ಹೆಸರು ಹೊತ್ತ ವಾಟ್ ಅರುಣ್ ದೇಗುಲದತ್ತ ಅಗ್ಗವಾಗಿ ಸಾಗಬಹುದು. 2019ರಲ್ಲಿ ತೆರೆದ ಎಂಆರ್‌ಟಿಯ ಸನಮ್ ಚಾಯ್ ನಿಲ್ದಾಣದಿಂದ ವಾಟ್ ಫೋ ಕಾಲ್ನಡಿಗೆಯ ದೂರದಲ್ಲಿದೆ.

ಟ್ಯಾಕ್ಸಿ ಹತ್ತುವ ಮೊದಲು ಮೀಟರ್ ಹಾಕುವಂತೆ ಕೇಳಬೇಕು. ಮೂರು ಚಕ್ರದ ‘ಟುಕ್ ಟುಕ್’ಗಳಿಗೆ ಮೀಟರ್ ಇಲ್ಲ, ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಬೇಕು.

ಎಚ್ಚರವಿರಲಿ

1782ರಲ್ಲಿ ನಿರ್ಮಾಣ ಆರಂಭವಾದ ಅರಮನೆಯ ಸಮೀಪ “ಇಂದು ಬಾಗಿಲು ಮುಚ್ಚಿದೆ, ಬೇರೆಡೆ ಕರೆದೊಯ್ಯುತ್ತೇವೆ” ಎನ್ನುವವರು ಎದುರಾಗುವುದುಂಟು. ಅಂಥ ಸವಾರಿ ಸಾಮಾನ್ಯವಾಗಿ ಹರಳಿನ ಅಂಗಡಿಯಲ್ಲಿ ಕೊನೆಗೊಳ್ಳುತ್ತದೆ. ದ್ವಾರದವರೆಗೆ ಹೋಗಿ ಸ್ವತಃ ವಿಚಾರಿಸುವುದೇ ಸರಿ. ಒಳಗೆ ತೋಳಿಲ್ಲದ ಅಂಗಿ, ಚಡ್ಡಿಗಳಿಗೆ ಅವಕಾಶವಿಲ್ಲ. ಇ-ಸಿಗರೇಟ್ ದೇಶದಾದ್ಯಂತ ನಿಷಿದ್ಧ.

ಇನ್ನೂ ಗಂಭೀರವಾದ ಅಪಾಯವೊಂದಿದೆ. ಕೈತುಂಬ ಸಂಬಳದ ಆಮಿಷ ನಂಬಿ ಬಂದು ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಕೇಂದ್ರಗಳಲ್ಲಿ ಸಿಲುಕಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ಥಾಯ್ಲೆಂಡ್ ಮೂಲಕ ಸ್ವದೇಶಕ್ಕೆ ಕರೆತರಲಾಯಿತು. ಪ್ರವಾಸಿಯಾಗಿ ಪ್ರವೇಶಿಸಿದವರು ಅಲ್ಲಿ ಉದ್ಯೋಗ ಮಾಡುವಂತಿಲ್ಲ. “ಮೊದಲು ಪ್ರವಾಸಿಯಾಗಿ ಬನ್ನಿ, ಉಳಿದದ್ದು ಆಮೇಲೆ” ಎನ್ನುವ ದಲ್ಲಾಳಿಯಿಂದ ದೂರವಿರುವುದೇ ಕ್ಷೇಮ.

ಪ್ರವಾಸಕ್ಕೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಹಿತಕರ. ತೊಂದರೆಯಾದಲ್ಲಿ ಪ್ರವಾಸಿ ಪೊಲೀಸರ ದೂರವಾಣಿ ಸಂಖ್ಯೆ 1155.